ಸ್ಲೈಡರ್ ಎಳೆದರಷ್ಟೇ ಸಾಲದು

ಎಸ್ಸೆಸ್ಸೆಲ್ಸಿ ಗಣಿತ, ವೃತ್ತಗಳ ಪಾಠ. ಹೊರಗಿನ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳ ನಡುವೆ 80 ಡಿಗ್ರಿ ಕೋನವಿದೆ. ಸ್ಪರ್ಶಬಿಂದುಗಳಿಗೆ ಹೋಗುವ ತ್ರಿಜ್ಯಗಳು ಕೇಂದ್ರದಲ್ಲಿ ಉಂಟುಮಾಡುವ ಕೋನ ಎಷ್ಟು? ಉತ್ತರ 100. ಒಂದು ಮಗು 160 ಎಂದು ಬರೆಯುತ್ತದೆ. ಕೇಂದ್ರದ ಕೋನ ಪರಿಧಿಯ ಕೋನದ ಎರಡರಷ್ಟು ಎಂಬ ಬೇರೊಂದು ಪ್ರಮೇಯವನ್ನು ಅದು ಇಲ್ಲಿಗೆ ಎಳೆದು ತಂದಿದೆ. ಅನುಭವಿ ಮೇಷ್ಟ್ರು ಆ 160 ನೋಡಿದ ತಕ್ಷಣ ತಪ್ಪಿನ ಬುಡ ಹಿಡಿಯುತ್ತಾರೆ. ಕಂಪ್ಯೂಟರ್ ‘ತಪ್ಪು’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಹಾಗೆ ಸುಮ್ಮನಾಗಬೇಕಿಲ್ಲ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಶುರುಮಾಡಿದ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶ ನಮ್ಮ ಗಣಿತ ಶಿಕ್ಷಕರಿಗೆ ಹೊಸದಲ್ಲ. ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಿಂದ ಸರ್ಕಾರಿ ಪ್ರೌಢಶಾಲೆಗಳ ಎಷ್ಟೋ ಮೇಷ್ಟ್ರುಗಳು ಅದನ್ನು ಕಲಿತರು. 2011ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಬಟನ್, ಇನ್‌ಪುಟ್ ಬಾಕ್ಸ್‌ಗಳ ಹಿಂದೆ ಸ್ಕ್ರಿಪ್ಟ್ ಬರೆಯುವ ಅವಕಾಶವಿತ್ತು. ತಂತ್ರಾಂಶದ್ದೇ ಸರಳ ಆದೇಶಗಳು ಒಂದು ಕಡೆ, ಇನ್ನೂ ಬೇಕೆಂದವರಿಗೆ ಜಾವಾಸ್ಕ್ರಿಪ್ಟ್.

ಆದರೆ ಸ್ಲೈಡರ್ ಎಳೆದು ಚಿತ್ರ ಕುಣಿಸುವವರೆಗೆ ಬಂದವರು ಬಹಳ, ಸ್ಕ್ರಿಪ್ಟಿಂಗ್ ಟ್ಯಾಬ್ ತೆರೆದವರು ಕಡಿಮೆ. ಅಲ್ಲೇ ನಿಜವಾದ ಲಾಭ ಕೈತಪ್ಪುತ್ತಿದೆ. ‘ಹೊಸ ಲೆಕ್ಕ’ ಎಂಬ ಬಟನ್ ಹಿಂದೆ ರ್‍ಯಾಂಡಮ್‌ಬಿಟ್ವೀನ್ ಆದೇಶವಿರುವ ಒಂದು ಸಾಲು ಬರೆದರೆ ಕೋನ ಪ್ರತಿಸಲ ಬದಲಾಗುತ್ತದೆ, ಪಕ್ಕದವರ ಉತ್ತರ ನೋಡಿ ಬರೆದರೆ ನಡೆಯುವುದಿಲ್ಲ. ಉತ್ತರದ ಬಾಕ್ಸ್‌ಗೆ ಇನ್ನೊಂದು ಷರತ್ತು: ಲೆಕ್ಕದಲ್ಲಿ ಕೊಟ್ಟ ಕೋನವನ್ನು ಮಗು ದುಪ್ಪಟ್ಟು ಮಾಡಿ ಬರೆದಿದ್ದರೆ, ತ್ರಿಜ್ಯ ಸ್ಪರ್ಶಕವನ್ನು ಮುಟ್ಟುವ ಎರಡೂ ಕಡೆ ಲಂಬಕೋನ ಕೆಂಪಾಗಲಿ. ಎರಡು ಸ್ಪರ್ಶಕ, ಎರಡು ತ್ರಿಜ್ಯ ಸೇರಿ ಆದ ಚತುರ್ಭುಜದ ನಾಲ್ಕು ಕೋನ ಸೇರಿ 360, ಎರಡು ಲಂಬಕೋನ ಕಳೆದರೆ ಉಳಿದದ್ದು 180. ಉತ್ತರ ಹೇಳಿಕೊಡದೆಯೇ ದಾರಿ ತೋರಿಸಿದ ಹಾಗಾಯಿತು. ಯಾವ ತಪ್ಪಿಗೆ ಯಾವ ಸುಳಿವು ಎಂಬುದು ತಂತ್ರಾಂಶ ಮಾಡಿದವರಿಗೆ ಹೇಗೆ ಗೊತ್ತಾಗಬೇಕು? ಅದು ಭದ್ರಾವತಿಯ ತರಗತಿಯಲ್ಲಿ ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದವರಿಗೆ ಗೊತ್ತು.

ಮೇಷ್ಟ್ರುಗಳ ಮೇಲೆ ಈಗಾಗಲೇ ಹೊರೆ ಜಾಸ್ತಿ, ಇದೊಂದು ಬೇರೆ ಯಾಕೆ ಎಂಬ ಮಾತು ನ್ಯಾಯವಾದದ್ದೇ. ಹಾಗಾಗಿ ಎಲ್ಲರೂ ಕಲಿಯಲಿ ಎಂದು ನಾನು ಕೇಳುತ್ತಿಲ್ಲ. ಶಿವಮೊಗ್ಗದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ತಾಲ್ಲೂಕಿಗೆ ಇಬ್ಬರು ಆಸಕ್ತರನ್ನು ಆರಿಸಲಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಶಿವಮೊಗ್ಗದ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುತ್ತಿರುವ ಹುಡುಗ ಹುಡುಗಿಯರಿಗೆ ಪ್ರಾಜೆಕ್ಟ್ ಬೇಕೇ ಬೇಕು. ಅವರನ್ನು ಈ ಮೇಷ್ಟ್ರುಗಳ ಜೊತೆ ಕೂರಿಸಲಿ. ತಪ್ಪುಗಳ ಪಟ್ಟಿ ಮೇಷ್ಟ್ರದು, ಸ್ಕ್ರಿಪ್ಟ್ ವಿದ್ಯಾರ್ಥಿಗಳದು, ಸುಳಿವಿನ ಮಾತು ಕನ್ನಡದಲ್ಲಿ. ಪ್ರತಿ ಸಾಲಿನ ಪಕ್ಕದಲ್ಲೂ ಅದೇನು ಮಾಡುತ್ತದೆ ಎಂಬ ಟಿಪ್ಪಣಿ ಕಡ್ಡಾಯವಾಗಿರಲಿ, ಬರೆದವರು ಊರು ಬಿಟ್ಟ ಮೇಲೂ ತಿದ್ದುವಂತಿರಬೇಕು. ಮೊದಲ ವರ್ಷಕ್ಕೆ ವೃತ್ತಗಳ ಪಾಠ ಒಂದೇ ಸಾಕು, ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಅದು ಶಾಲೆಗಳ ಲ್ಯಾಬ್ ಸೇರಲಿ.