ಹಳೆಯ ವಾಹನಗಳ ಮಾರಾಟದಲ್ಲಿ ವಂಚನೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳಲ್ಲಿ ವಾಹನವೆಂಬುದು ಈಗ ವಿಲಾಸದ ವಸ್ತುವಾಗಿ ಉಳಿದಿಲ್ಲ. ಅಡಕೆಯನ್ನು ಮಂಡಿಗೆ ಮುಟ್ಟಿಸುವುದಕ್ಕೂ, ಮೆಕ್ಕೆಜೋಳವನ್ನು ಮಾರುಕಟ್ಟೆಗೆ ಸಾಗಿಸುವುದಕ್ಕೂ, ರೋಗಿಯನ್ನು ದಾವಣಗೆರೆಗೆ ಒಯ್ಯುವುದಕ್ಕೂ ಅದೇ ಆಧಾರವು. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದ ರೈತನೂ ಸಣ್ಣ ನೌಕರನೂ ಹಳೆಯದಕ್ಕೆ ಕೈಯೊಡ್ಡುವುದು ಸಹಜ. ಈ ಅಗತ್ಯವನ್ನೇ ಬಂಡವಾಳ ಮಾಡಿಕೊಂಡು, ಓಡಿದ ಮೈಲಿಗಳನ್ನು ಕಡಮೆ ತೋರಿಸಿ, ಅಪಘಾತದ ಗುರುತನ್ನು ಬಣ್ಣದಿಂದ ಮುಚ್ಚಿ, ಸಾಲದ ಹೊರೆಯನ್ನು ಮರೆಮಾಚಿ ಮಾರುವವರು ಇಲ್ಲದಿಲ್ಲ. ಮೋಸಹೋದವನು ಹಣೆಬರಹವೆಂದು ಸುಮ್ಮನಾಗುತ್ತಾನೆ. ಈ ಮೌನವೇ ವಂಚಕನ ಬಲವು.

ಖಾಸಗಿ ಮಾರಾಟಕ್ಕೆ ಕಾನೂನೇ ಇಲ್ಲವೆಂಬ ಭಾವನೆಯು ತಪ್ಪು. ತನ್ನ ಸ್ವಂತ ವಾಹನವನ್ನು ಒಮ್ಮೆ ಮಾತ್ರ ಮಾರಿದ ಗೃಹಸ್ಥನ ಮೇಲೆ ಗ್ರಾಹಕರ ಆಯೋಗದ ಬಾಗಿಲು ಸಾಮಾನ್ಯವಾಗಿ ತೆರೆಯದೆಂಬುದು ನಿಜ. ಆದರೆ ಸಿವಿಲ್ ನ್ಯಾಯಾಲಯದ ಬಾಗಿಲು ಮುಚ್ಚಿಲ್ಲ. 1930ರ ಸರಕು ಮಾರಾಟ ಕಾಯಿದೆಯಂತೆ, ಮಾರುವ ಹಕ್ಕು ತನಗಿದೆಯೆಂದೂ ವಸ್ತುವಿನ ಮೇಲೆ ಅನ್ಯರ ಹೊರೆಯಿಲ್ಲವೆಂದೂ ಮಾರುವವನು ಹೇಳದಿದ್ದರೂ ಹೇಳಿದಂತೆಯೇ. ಎಂಜಿನ್ನಿನ ಗುಣದೋಷವನ್ನು ಮಾತ್ರ ಕೊಳ್ಳುವವನೇ ನೋಡಿಕೊಳ್ಳತಕ್ಕದ್ದು. ಹಾಗೆಂದು ಸುಳ್ಳು ಹೇಳಲು ಯಾರಿಗೂ ಪರವಾನಗಿಯಿಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಬರಿಯ ಮೌನವು ಸಾಮಾನ್ಯವಾಗಿ ವಂಚನೆಯಲ್ಲ. ತಿಳಿದೂ ಸುಳ್ಳಾಡುವುದು, ಬೇಕೆಂದೇ ಮರೆಮಾಡುವುದು ವಂಚನೆಯೇ. ಅಂತಹ ಕರಾರನ್ನು ಕೊಂಡವನು ರದ್ದುಪಡಿಸಬಹುದು.

ಆದುದರಿಂದ ಮಾರುವವನ ಬಾಯಿಂದ ಬಂದ ಮಾತನ್ನು ಕಾಗದದ ಮೇಲೆ ಇಳಿಸಿಕೊಳ್ಳುವುದೇ ಮುಖ್ಯವು. ಎಷ್ಟು ಓಡಿದೆ, ಅಪಘಾತವಾಗಿದೆಯೇ, ಸಾಲ ಬಾಕಿಯಿದೆಯೇ ಎಂಬ ಪ್ರಶ್ನೆಗಳಿಗೆ ಸಹಿಯಿರುವ ಉತ್ತರವನ್ನು ಪಡೆದ ಮೇಲೆ, ನಾನು ಹಾಗೆ ಹೇಳಿರಲಿಲ್ಲವೆಂಬ ವಾದಕ್ಕೆ ಎಡೆಯಿರದು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡತಕ್ಕದ್ದು. 29 ಮತ್ತು 30ನೆಯ ನಮೂನೆಗಳಿಗೂ, ಸಾಲವಿದ್ದು ತೀರಿದ್ದರೆ 35ನೆಯ ನಮೂನೆಗೂ ಸಹಿಯಾಗದೆ ಪೂರ್ಣ ಕ್ರಯವನ್ನು ಸಲ್ಲಿಸಬಾರದು. ರಾಜ್ಯದೊಳಗಿನ ವರ್ಗಾವಣೆಯನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂಬುದು 1988ರ ಮೋಟಾರು ವಾಹನಗಳ ಕಾಯಿದೆಯ ವಿಧಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆಯು ಅವನದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿರುವುದರಿಂದ, ಮಾರಿದವನಿಗೂ ಇದರಲ್ಲಿ ಉದಾಸೀನವು ಸಲ್ಲದು.

ಮೋಸವು ತಿಳಿದೊಡನೆ ಲಿಖಿತ ನೋಟೀಸು ಕೊಡುವುದು ಮೊದಲ ಕರ್ತವ್ಯ. ವಾಹನವನ್ನು ಓಡಿಸುತ್ತಾ ಕಾಲಹರಣ ಮಾಡುವವನು ತನ್ನ ಪಕ್ಷವನ್ನು ತಾನೇ ದುರ್ಬಲಗೊಳಿಸಿಕೊಳ್ಳುತ್ತಾನೆ. ವಂಚನೆಯು ತಿಳಿದಂದಿನಿಂದ ದಾವೆಗೆ 3 ವರ್ಷಗಳ ಅವಧಿಯಿದೆ. ಬಡವರಿಗೂ ಸ್ತ್ರೀಯರಿಗೂ ತಾಲೂಕು ಕಾನೂನು ಸೇವಾ ಸಮಿತಿಯ ಉಚಿತ ನೆರವುಂಟು. ಲೋಕ ಅದಾಲತಿನ ರಾಜಿಯು ಡಿಕ್ರಿಗೆ ಸಮಾನವು.

ಇನ್ನು ಅಧಿಕಾರಿವರ್ಗದವರಿಗೆ ಎರಡು ಮಾತು. ಮೊದಲಿನಿಂದಲೇ ಮೋಸದ ಉದ್ದೇಶವಿದ್ದಲ್ಲಿ ಅದು ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ಅಪರಾಧವು. ಇದು ಸಿವಿಲ್ ವ್ಯಾಜ್ಯವೆಂದು ಹೇಳಿ ಫಿರ್ಯಾದುದಾರನನ್ನು ಠಾಣೆಯಿಂದ ಹಿಂದಕ್ಕೆ ಕಳುಹಿಸುವುದು ನ್ಯಾಯವಲ್ಲ. ಹಾಗೆ ಕಳುಹಿಸಿದಲ್ಲಿ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಬರೆದುಕೊಳ್ಳಲು ಅವನಿಗೆ ಹಕ್ಕಿದೆ. ಎರಡನೆಯದಾಗಿ, ಗೃಹಸ್ಥನ ವೇಷದಲ್ಲಿ ವಾಹನ ವ್ಯಾಪಾರ ನಡೆಸುವ ದಲ್ಲಾಳಿಗಳ ವಿಚಾರ. ಹಳೆಯ ವಾಹನಗಳ ವರ್ತಕರು ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕೆಂಬ ಕೇಂದ್ರದ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಯಮವು ದಾವಣಗೆರೆಯ ಕಚೇರಿಯ ಕಡತದಲ್ಲಿದ್ದರೆ ಸಾಲದು. ತಾಲೂಕಿನ ಸಂತೆಬೀದಿಯವರೆಗೂ ಅದು ನಡೆದು ಬರಬೇಕು. ಹಾಗೆ ಬರುವಂತೆ ಮಾಡುವುದು ಫಿರ್ಯಾದು ಹೇಳಲು ಹಿಂಜರಿಯದ ನಾಗರಿಕರ ಕೆಲಸವೂ ಆಗಿದೆ.