ಮನೋರೋಗಿಯ ರಜೆಯೂ ಲೋಕದ ಶಂಕೆಯೂ

ಕಾಲು ಮುರಿದ ನೌಕರನೊಬ್ಬನು ವೈದ್ಯರ ಪತ್ರವನ್ನು ಕಚೇರಿಗೆ ಕಳುಹಿಸಿ ಆರು ವಾರ ಮನೆಯಲ್ಲಿ ಕುಳಿತರೆ ಅವನನ್ನು ಯಾರೂ ಪ್ರಶ್ನಿಸುವುದಿಲ್ಲ. ಅವನು ಊರುಗೋಲನ್ನೂರಿಕೊಂಡು ತಂಗಿಯ ಮದುವೆಗೆ ಬಂದರೆ, “ಪಾಪ, ಇಂತಹ ನೋವಿನಲ್ಲಿಯೂ ಬಂದನಲ್ಲ” ಎಂದು ಜನರು ಮರುಗುವರು. ಆದರೆ ಖಿನ್ನತೆಯಿಂದ ಬಳಲಿ, ಮನೋವೈದ್ಯರ ಪತ್ರದ ಮೇಲೆ ರಜೆ ಪಡೆದವನು ಎರಡು ದಿನ ಗೋಕರ್ಣದ ಕಡಲ ತೀರದಲ್ಲಿ ಕುಳಿತುಬಂದನೆಂದು ತಿಳಿದೊಡನೆಯೇ ಕಚೇರಿಯ ತುಂಬ ಗುಸುಗುಸು ಹಬ್ಬುವುದು. “ರೋಗವೆಲ್ಲಿದೆ? ಚಿತ್ರದಲ್ಲಿ ನಗುತ್ತಿದ್ದಾನಲ್ಲ!” ಎಂದು ಒಬ್ಬನು, “ಅವನ ಪಾಲಿನ ಕೆಲಸವನ್ನು ನಾವು ಹೊರುತ್ತಿರುವಾಗ ಅವನಿಗೆ ವಿಹಾರವೇ?” ಎಂದು ಮತ್ತೊಬ್ಬನು. ಈ ಎರಡು ಮಾತುಗಳಲ್ಲಿ ಎರಡನೆಯದಕ್ಕೆ ಸ್ವಲ್ಪ ಆಧಾರವುಂಟು. ಮೊದಲನೆಯದಕ್ಕೆ ಏನೇನೂ ಇಲ್ಲ. ಇವೆರಡನ್ನೂ ಬೇರೆಬೇರೆಯಾಗಿ ತೂಗಿ ನೋಡುವುದು ಅವಶ್ಯವೆಂದು ನಮಗೆ ತೋರುತ್ತದೆ.

ಈ ಶಂಕೆಯು ನಮ್ಮ ದೇಶದ್ದು ಮಾತ್ರವಲ್ಲ. 2009ರಲ್ಲಿ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ನಡೆದ ಪ್ರಕರಣವೊಂದು ಲೋಕದ ಗಮನವನ್ನೆಲ್ಲ ಸೆಳೆಯಿತು. ತೀವ್ರ ಖಿನ್ನತೆಯ ಕಾರಣದಿಂದ ಸುಮಾರು ಒಂದೂವರೆ ವರ್ಷ ರಜೆಯಲ್ಲಿದ್ದ ಮಹಿಳಾ ಉದ್ಯೋಗಿಯೊಬ್ಬಳಿಗೆ ವಿಮಾ ಸಂಸ್ಥೆಯಿಂದ ಬರುತ್ತಿದ್ದ ಮಾಸಿಕ ಹಣವು ಫಕ್ಕನೆ ನಿಂತುಹೋಯಿತು. ವಿಚಾರಿಸಿದಾಗ, ಫೇಸ್‌ಬುಕ್ಕಿನಲ್ಲಿ ಆಕೆಯ ಹುಟ್ಟುಹಬ್ಬದ ಮತ್ತು ಬಿಸಿಲೂರಿನ ಕಡಲ ವಿಹಾರದ ಚಿತ್ರಗಳು ಕಂಡವೆಂದೂ, ಆದುದರಿಂದ ಆಕೆ ಕೆಲಸಕ್ಕೆ ಸಮರ್ಥಳೆಂದೂ ಉತ್ತರ ಬಂದಿತೆಂದು ಆಕೆ ಹೇಳಿದಳು. ವೈದ್ಯರ ಸಲಹೆಯಂತೆಯೇ ತಾನು ಆ ಸಣ್ಣ ಪ್ರವಾಸಗಳನ್ನು ಕೈಕೊಂಡೆನೆಂಬುದು ಆಕೆಯ ವಾದ. ಅಂತರ್ಜಾಲದ ಚಿತ್ರಗಳನ್ನಷ್ಟೇ ಆಧಾರವಾಗಿಟ್ಟುಕೊಂಡು ತಾನು ಯಾರ ಹಣವನ್ನೂ ನಿಲ್ಲಿಸುವುದಿಲ್ಲವೆಂಬುದು ವಿಮಾ ಸಂಸ್ಥೆಯ ವಾದ. ಆ ವ್ಯಾಜ್ಯದ ಗುಣದೋಷಗಳನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಆದರೆ ಅದು ಎತ್ತಿದ ಪ್ರಶ್ನೆಯು ಇಂದು ಕೈಯಲ್ಲಿ ಮೊಬೈಲ್ ಹಿಡಿದ ಪ್ರತಿಯೊಬ್ಬ ನೌಕರನದೂ ಆಗಿದೆ: ಒಂದು ಕ್ಷಣದ ನಗೆಯು ಒಂದು ವರ್ಷದ ರೋಗವನ್ನು ಸುಳ್ಳೆಂದು ಸಾಧಿಸಬಲ್ಲುದೆ?

ಸಾಧಿಸಲಾರದೆಂದು ವೈದ್ಯಶಾಸ್ತ್ರವು ಸ್ಪಷ್ಟವಾಗಿ ಹೇಳುತ್ತದೆ. ಖಿನ್ನತೆಯೆಂದರೆ ಹಗಲಿರುಳೂ ಅಳುತ್ತ ಕೂರುವುದೆಂದು ತಿಳಿದವರು ಆ ರೋಗವನ್ನು ಹತ್ತಿರದಿಂದ ಕಂಡವರಲ್ಲ. ನಿದ್ದೆ ಕೆಡುವುದು, ಹಸಿವು ಇಂಗುವುದು, ಕಣ್ಣ ಮುಂದಿನ ಕಾಗದವನ್ನು ನಾಲ್ಕು ಸಲ ಓದಿದರೂ ಅರ್ಥವಾಗದಿರುವುದು, ಹಿಂದೆ ಪ್ರಿಯವಾಗಿದ್ದ ಯಾವುದರಲ್ಲಿಯೂ ರುಚಿಯಿಲ್ಲದಿರುವುದು, ತಾನು ಯಾತಕ್ಕೂ ಬಾರದವನೆಂಬ ಭಾವವು ಬೇರೂರುವುದು — ಇವು ಅದರ ಲಕ್ಷಣಗಳು. ಇಂತಹವನು ನಂಟರ ಮುಂದೆ ನಗಬಲ್ಲನು, ಚಿತ್ರ ತೆಗೆಯುವವನು ನಗೆಂದರೆ ನಗಬಲ್ಲನು. ಮನೆಗೆ ಬಂದು ಗೋಡೆಯ ಕಡೆಗೆ ಮುಖ ಮಾಡಿ ಮಲಗಬಲ್ಲನು. ಅಷ್ಟೇ ಅಲ್ಲ, ರೋಗಿಯು ಎಲ್ಲದರಿಂದಲೂ ಹಿಂಜರಿದು ಕೋಣೆಯನ್ನು ಸೇರುವುದೇ ರೋಗವನ್ನು ಬಲಪಡಿಸುತ್ತದೆಂಬುದನ್ನು ಅರಿತ ವೈದ್ಯರು, ಅವನನ್ನು ಮೆಲ್ಲಮೆಲ್ಲನೆ ನಡೆದಾಟ, ಸ್ನೇಹ, ಸಂಗೀತ, ಸಂಚಾರ ಮುಂತಾದ ಹಿತಕರ ವ್ಯಾಪಾರಗಳಿಗೆ ಹಿಂದಿರುಗಿಸುವುದನ್ನೇ ಒಂದು ಚಿಕಿತ್ಸಾಕ್ರಮವನ್ನಾಗಿ ಮಾಡಿಕೊಂಡಿದ್ದಾರೆ. ಹೀಗಿರಲು, ಯಾವುದು ಔಷಧವೋ ಅದನ್ನೇ ಅಪರಾಧದ ಸಾಕ್ಷ್ಯವೆಂದು ಎಣಿಸುವುದು ವಿಪರೀತವಲ್ಲವೆ?

ನಮ್ಮ ಹಿರಿಯರಿಗೆ ಈ ಮಾತು ಹೊಸದಲ್ಲ. ಕ್ಷಯರೋಗಕ್ಕೆ ಮದ್ದಿಲ್ಲದಿದ್ದ ಕಾಲದಲ್ಲಿ ಹವಾ ಬದಲಾವಣೆಯೇ ಮುಖ್ಯ ಚಿಕಿತ್ಸೆಯಾಗಿದ್ದಿತು. ಅನುಕೂಲವಿದ್ದವರು ಮದನಪಲ್ಲಿಯ ಬಳಿಯ ಆರೋಗ್ಯವರಕ್ಕೋ ಮೈಸೂರಿನ ಆರೋಗ್ಯಧಾಮಕ್ಕೋ ಹೋಗಿ ತಿಂಗಳುಗಟ್ಟಲೆ ಮರದ ನೆರಳಿನಲ್ಲಿ ಒರಗಿಕೊಂಡಿರುತ್ತಿದ್ದರು. ಅವರನ್ನು ಯಾರೂ ಸೋಮಾರಿಗಳೆನ್ನಲಿಲ್ಲ. ಆಂಗ್ಲರ ಆಳಿಕೆಯಲ್ಲಂತೂ ಸರಕಾರಗಳೇ ಬೇಸಗೆಯಲ್ಲಿ ಬೆಟ್ಟವನ್ನು ಏರುತ್ತಿದ್ದವು. ಮದರಾಸಿನ ದೊರೆಗಳು ಉದಕಮಂಡಲಕ್ಕೂ, ಭಾರತ ಸರಕಾರದ ದೊರೆಗಳು ಸಿಮ್ಲಾಕ್ಕೂ ದಫ್ತರ ಸಮೇತ ಹೋಗುತ್ತಿದ್ದರು. ಆ ತಂಪು ಗಾಳಿಯು ಅಧಿಕಾರಿಗಳ ಆರೋಗ್ಯಕ್ಕೆ ಅವಶ್ಯವೆಂದು ಬೊಕ್ಕಸವು ಒಪ್ಪಿಕೊಂಡಿತ್ತು. ಅವರ ಪೆಟ್ಟಿಗೆಗಳನ್ನು ಹೊತ್ತು ಬೆಟ್ಟ ಹತ್ತಿದ ಕೂಲಿಯ ಆರೋಗ್ಯವನ್ನು ಯಾರೂ ವಿಚಾರಿಸಲಿಲ್ಲ. ಶ್ವಾಸಕೋಶಕ್ಕೆ ಸಲ್ಲುವ ಗಾಳಿಯು ಮನಸ್ಸಿಗೆ ಸಲ್ಲದೆಂದೂ, ಮೇಲಿನವನಿಗೆ ಆರೋಗ್ಯವಾದುದು ಕೆಳಗಿನವನಿಗೆ ಮೋಜೆಂದೂ ಎಣಿಸುವ ಆ ಬುದ್ಧಿಯು ದೊರೆಗಳು ಹೋದರೂ ಹೋಗಲಿಲ್ಲವೆಂಬುದೇ ವಿಷಾದಕರವು.

ಇನ್ನು ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 21ನೆಯ ಪ್ರಕರಣವು, ಆರೋಗ್ಯಸೇವೆಯ ವಿಷಯದಲ್ಲಿ ಮಾನಸಿಕ ರೋಗಿಯನ್ನು ದೈಹಿಕ ರೋಗಿಗೆ ಸಮಾನನಾಗಿ ಕಾಣತಕ್ಕುದೆಂದೂ, ವಿಮಾ ಸಂಸ್ಥೆಗಳು ಮಾನಸಿಕ ರೋಗದ ಚಿಕಿತ್ಸೆಗೂ ದೈಹಿಕ ರೋಗಕ್ಕಿರುವಂತೆಯೇ ಏರ್ಪಾಡು ಮಾಡತಕ್ಕುದೆಂದೂ ವಿಧಿಸುತ್ತದೆ. 23ನೆಯ ಪ್ರಕರಣವು ರೋಗಿಯ ಗುಟ್ಟನ್ನು ಕಾಪಾಡುತ್ತದೆ. ಅದೇ 2017ರ ಆಗಸ್ಟಿನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಮಾನಸಿಕ ರೋಗವನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಅದರ ಆಧಾರದ ಮೇಲೆ, ಮಾನಸಿಕ ಅಸ್ವಾಸ್ಥ್ಯವುಳ್ಳ ನೌಕರನ ಮೇಲೆ ಶಿಸ್ತಿನ ಕ್ರಮವನ್ನು ಹೂಡುವುದು ಪರೋಕ್ಷ ತಾರತಮ್ಯವಾಗುವುದೆಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಆ ನೌಕರನು ಸಶಸ್ತ್ರ ಪೊಲೀಸ್ ಪಡೆಯವನೆಂಬುದನ್ನು ಗಮನಿಸಬೇಕು.

ರೋಗದ ರಜೆಯಲ್ಲಿರುವವನು ಊರು ಬಿಡಬಹುದೆ ಎಂಬ ಪ್ರಶ್ನೆಯನ್ನು ನಮ್ಮ ಕಾನೂನು ಬಹು ಹಿಂದೆಯೇ ಎದುರಿಸಿದ್ದಿತು. 1948ರ ನೌಕರರ ರಾಜ್ಯ ವಿಮಾ ಕಾಯಿದೆಯ 64ನೆಯ ಪ್ರಕರಣವು, ಅನಾರೋಗ್ಯದ ಹಣವನ್ನು ಪಡೆಯುವವನು ಚಿಕಿತ್ಸೆಯಲ್ಲಿರಬೇಕು, ವೈದ್ಯಾಧಿಕಾರಿಯ ಸೂಚನೆಗಳನ್ನು ಪಾಲಿಸಬೇಕು, ಗುಣವಾಗುವುದಕ್ಕೆ ಅಡ್ಡಿಯಾಗುವ ಕಾರ್ಯವನ್ನು ಮಾಡಬಾರದು, ವೈದ್ಯಾಧಿಕಾರಿಯ ಅನುಮತಿಯಿಲ್ಲದೆ ಚಿಕಿತ್ಸೆಯ ಪ್ರದೇಶವನ್ನು ಬಿಡಬಾರದು, ಪರೀಕ್ಷೆಗೆ ಕರೆದಾಗ ಒಳಪಡಬೇಕು ಎಂದು ವಿಧಿಸಿತ್ತು. ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದು ಆ ಕಾಯಿದೆಯ ಸ್ಥಾನವನ್ನು ಹಿಡಿದಿದೆ. ಆದರೂ ಹಳೆಯ ಪ್ರಕರಣದ ವಿವೇಕವು ಮನನಯೋಗ್ಯವಾಗಿದೆ. ರೋಗಿಯು ಸಂತೋಷಪಡಬಾರದೆಂದು ಅದು ಎಲ್ಲಿಯೂ ಹೇಳಲಿಲ್ಲ. ಊರು ಬಿಡಲೇಬಾರದೆಂದೂ ಹೇಳಲಿಲ್ಲ. ವೈದ್ಯರನ್ನು ಕೇಳಿ ಹೋಗು, ಗುಣವಾಗುವುದಕ್ಕೆ ಅಡ್ಡಿ ಮಾಡಿಕೊಳ್ಳಬೇಡ, ಇಷ್ಟೇ ಅದರ ಆಜ್ಞೆ. ನಿರ್ಣಯದ ಅಧಿಕಾರವನ್ನು ಅದು ಮೇಲಧಿಕಾರಿಯ ಕಣ್ಣಿಗೂ ನೆರೆಹೊರೆಯ ನಾಲಗೆಗೂ ಕೊಡದೆ ವೈದ್ಯನ ಕೈಗೆ ಕೊಟ್ಟಿತು.

ಯುರೋಪಿನಲ್ಲಿ ಈ ವಿಚಾರವು ಮತ್ತೊಂದು ದಾರಿಯಿಂದ ಇತ್ಯರ್ಥಕ್ಕೆ ಬಂದಿತು. 2009ರ ಜನವರಿಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು, ರೋಗದ ರಜೆಯೂ ವಾರ್ಷಿಕ ರಜೆಯೂ ಉದ್ದೇಶದಲ್ಲಿಯೇ ಬೇರೆಬೇರೆಯೆಂದು ಹೇಳಿತು. ಮೊದಲನೆಯದು ರೋಗದಿಂದ ಚೇತರಿಸಿಕೊಳ್ಳುವುದಕ್ಕೆ, ಎರಡನೆಯದು ವಿಶ್ರಾಂತಿಗೂ ವಿರಾಮದ ಸುಖಕ್ಕೂ. ಆದುದರಿಂದ ದೀರ್ಘ ಕಾಲ ರೋಗದಿಂದ ಮಲಗಿದವನ ವಾರ್ಷಿಕ ರಜೆಯು ಅದರಿಂದಲೇ ನಷ್ಟವಾಗಬಾರದೆಂಬುದು ಅದರ ತೀರ್ಪು. ಈ ಭೇದವು ನಮಗೂ ಉಪಯುಕ್ತವಾದುದು. ಚಿಕಿತ್ಸೆಗೆ ಸಂಬಂಧಿಸದ ದೀರ್ಘ ಪ್ರವಾಸಕ್ಕೆ ಹೋಗಬಯಸುವ ರೋಗಿಯು, ವೈದ್ಯರು ಒಪ್ಪಿದರೆ, ಆ ದಿನಗಳನ್ನು ತನ್ನ ಗಳಿಕೆ ರಜೆಯಲ್ಲಿ ಎಣಿಸಿಕೊಳ್ಳಲು ಅನುಕೂಲ ಮಾಡಿಕೊಟ್ಟರೆ ಮಾಲಿಕನಿಗೂ ನಷ್ಟವಿಲ್ಲ, ನೌಕರನಿಗೂ ಅಪವಾದವಿಲ್ಲ.

ಆದರೆ ಮಾಲಿಕರ ಪಕ್ಷವನ್ನು ನಾವು ಅಲ್ಲಗಳೆಯುವುದಿಲ್ಲ. ಸುಳ್ಳು ವೈದ್ಯಪತ್ರಗಳು ನಮ್ಮ ದೇಶದಲ್ಲಿ ಅಪರೂಪವಲ್ಲ. ಅವನ್ನು ಕೊಡುವ ವೈದ್ಯನೂ ಕೊಳ್ಳುವ ನೌಕರನೂ ನಿಜವಾದ ರೋಗಿಗಳಿಗೆ ದ್ರೋಹ ಬಗೆಯುತ್ತಾರೆ. ಒಬ್ಬನು ಗೈರುಹಾಜರಾದರೆ ಅವನ ಕೆಲಸವು ಪಕ್ಕದ ಮೇಜಿನವನ ಮೇಲೆ ಬೀಳುವುದೂ ನಿಜ. ಆ ಪಕ್ಕದವನ ಗೊಣಗಾಟವನ್ನು ದುಷ್ಟತನವೆನ್ನಲಾಗದು. ಆದರೆ ಇದಕ್ಕೆ ಪರಿಹಾರವೇನು? ರಜೆಯಲ್ಲಿದ್ದವನ ಹಿಂದೆ ಬೇಹುಗಾರರನ್ನು ಬಿಡುವುದೇ? ಅವನ ಚಿತ್ರಗಳನ್ನು ಹುಡುಕಿ ತೆಗೆದು ಕಡತಕ್ಕೆ ಅಂಟಿಸುವುದೇ? ಸರಕಾರಿ ಸೇವೆಯಲ್ಲಿ ಇದಕ್ಕೆ ನೆಟ್ಟನೆಯ ದಾರಿಯಿದೆ. 1972ರ ಕೇಂದ್ರ ನಾಗರಿಕ ಸೇವಾ ರಜಾ ನಿಯಮಗಳ 19ನೆಯ ನಿಯಮದಂತೆ, ಸಂದೇಹ ಬಂದಲ್ಲಿ ಅಧಿಕಾರಿಯು ಎರಡನೆಯ ವೈದ್ಯಾಭಿಪ್ರಾಯವನ್ನು ತರಿಸಬಹುದು. ಸಂದೇಹವುಳ್ಳವನು ಆ ದಾರಿಯನ್ನು ಹಿಡಿಯಲಿ. ವೈದ್ಯನ ಮಾತನ್ನು ವೈದ್ಯನೇ ಪರೀಕ್ಷಿಸಲಿ. ಗುಮಾಸ್ತರ ಗುಸುಗುಸು ಪರೀಕ್ಷಿಸುವುದು ಬೇಡ. ಇನ್ನು ಪಕ್ಕದವನ ಹೊರೆಯನ್ನು ಇಳಿಸುವುದು ಕಚೇರಿಯನ್ನು ನಡೆಸುವವರ ಕರ್ತವ್ಯವೇ ಹೊರತು ರೋಗಿಯದಲ್ಲ. ಬದಲಿ ಕೈಯನ್ನು ಕೊಡದೆ, ಇಬ್ಬರ ಕೆಲಸವನ್ನು ಒಬ್ಬನಿಂದ ತೆಗೆದು, ಅವನ ಸಿಟ್ಟನ್ನು ರೋಗಿಯ ಕಡೆಗೆ ತಿರುಗಿಸುವುದು ನ್ಯಾಯವಲ್ಲ. ಹಾಗೆ ಮಾಡಿದರೆ ನಾಳೆ ಆ ಎರಡನೆಯವನೂ ಹಾಸಿಗೆ ಹಿಡಿಯುವನು.

ರೋಗಿಗಳಿಗೂ ನಾವು ಎರಡು ಮಾತನ್ನು ಹೇಳಬೇಕಾಗಿದೆ. ಪ್ರವಾಸವು ಎಲ್ಲರಿಗೂ ಎಲ್ಲ ಕಾಲಕ್ಕೂ ಮದ್ದಲ್ಲ. ಖಿನ್ನತೆಯು ವಿಪರೀತವಾಗಿರುವಾಗ, ಸಾಯಬೇಕೆಂಬ ಯೋಚನೆಯು ಸುಳಿಯುತ್ತಿರುವಾಗ, ಪರಸ್ಥಳದಲ್ಲಿ ಒಂಟಿಯಾಗಿರುವುದು ಅಪಾಯಕರ. “ಎಲ್ಲಿಗಾದರೂ ಹೋಗಿ ಬಾ, ಸರಿಹೋಗುತ್ತದೆ” ಎಂಬ ನಂಟರ ಉಪದೇಶವು ಅಂತಹವನಿಗೆ ಇನ್ನಷ್ಟು ನೋವನ್ನೇ ಕೊಡುವುದು, ಏಕೆಂದರೆ ಎಲ್ಲರೂ ನಲಿಯುವಲ್ಲಿ ತಾನೊಬ್ಬನು ನಲಿಯಲಾರನೆಂಬ ಅರಿವು ಅವನನ್ನು ಮತ್ತಷ್ಟು ಕುಗ್ಗಿಸುತ್ತದೆ. ಉನ್ಮಾದ ಖಿನ್ನತೆಗಳು ಸರದಿಯಾಗಿ ಬರುವ ರೋಗದಲ್ಲಿ ರಾತ್ರಿಯ ಪ್ರಯಾಣವೂ ನಿದ್ದೆಗೇಡೂ ಉನ್ಮಾದವನ್ನು ಕೆರಳಿಸಬಲ್ಲುವು. ಲಿಥಿಯಂ ಸೇವಿಸುವವರು ಬಿಸಿಲಿನಲ್ಲಿ ಬೆವರಿ ನೀರು ಕುಡಿಯದಿದ್ದರೆ ಔಷಧವೇ ವಿಷವಾಗಬಹುದು. ಆದುದರಿಂದ ವೈದ್ಯರನ್ನು ಕೇಳಿಯೇ ಹೊರಡಬೇಕು; ಅವರ ಸಲಹೆಯನ್ನು ಬರವಣಿಗೆಯಲ್ಲಿ ಪಡೆಯಬೇಕು; ಔಷಧವನ್ನು ಜತೆಗೊಯ್ಯಬೇಕು; ಕಚೇರಿಯು ಕೇಳಿದರೆ ವಿಳಾಸವನ್ನು ತಿಳಿಸಲು ಅಳುಕಬಾರದು. ಮುಚ್ಚಿಟ್ಟು ಹೋದ ಸಂಚಾರವು ಶಂಕೆಗೆ ತುತ್ತಾಗುವುದು. ತಿಳಿಸಿ ಹೋದುದಕ್ಕೆ ಯಾರೂ ಕಳಂಕವನ್ನು ಹಚ್ಚಲಾರರು.

ಇಷ್ಟೆಲ್ಲ ಚರ್ಚೆಯೂ ರಜೆಯೆಂಬುದನ್ನು ಕಂಡವರಿಗೆ ಸಂಬಂಧಿಸಿದುದು. ದಿನಗೂಲಿಯವನಿಗೆ, ಹೊಲದಲ್ಲಿ ದುಡಿಯುವವಳಿಗೆ, ಮನೆಗೆಲಸದವಳಿಗೆ ರೋಗದ ರಜೆಯೂ ಇಲ್ಲ, ವಿಹಾರದ ಪ್ರಶ್ನೆಯೂ ಇಲ್ಲ. ಕೆಲಸಕ್ಕೆ ಹೋಗದ ದಿನ ಒಲೆ ಉರಿಯುವುದಿಲ್ಲ. ಸಂಬಳದ ನೌಕರನಿಗಿರುವ ಈ ಅಲ್ಪ ಹಕ್ಕನ್ನು ಕಿತ್ತುಕೊಂಡರೆ ಅವರಿಗೆ ನ್ಯಾಯ ದೊರೆಯದು. ಅದನ್ನು ಅವರವರೆಗೂ ಮುಟ್ಟಿಸಿದರೆ ದೊರೆತೀತು.

ಶಂಕೆಯ ನಿಜವಾದ ಕೇಡು ಎಲ್ಲಿದೆಯೆಂಬುದನ್ನು ಕೊನೆಗೆ ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಮಾನಸಿಕ ರೋಗದಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ. ವೈದ್ಯರ ಕೊರತೆಯು ಇದಕ್ಕೆ ಒಂದು ಕಾರಣ, ಲಜ್ಜೆಯು ಮತ್ತೊಂದು. ಖಿನ್ನತೆಯೆಂದು ಬರೆದರೆ ಹಾಸ್ಯಕ್ಕೆ ಗುರಿಯಾಗುವೆನೆಂದು ಹೆದರಿದವನು ರಜಾ ಚೀಟಿಯಲ್ಲಿ “ಜ್ವರ” ಎಂದು ಬರೆಯುತ್ತಾನೆ, “ಬೆನ್ನು ನೋವು” ಎಂದು ಬರೆಯುತ್ತಾನೆ. ಮನೋವೈದ್ಯರ ಬಾಗಿಲನ್ನೇ ತುಳಿಯುವುದಿಲ್ಲ. ನಾವು ಸುಳ್ಳುಗಾರರನ್ನು ಹಿಡಿಯುತ್ತೇವೆಂದು ಹೊರಟು, ನಿಜ ಹೇಳುವವರನ್ನು ಸುಳ್ಳು ಹೇಳುವಂತೆ ಮಾಡುತ್ತಿದ್ದೇವೆ. ಹೀಗೆ ಮೋಸಗಾರನೊಬ್ಬನು ಸಿಕ್ಕಿಬೀಳುವ ಹೊತ್ತಿಗೆ ಎಷ್ಟು ಮಂದಿ ರೋಗಿಗಳು ಮೌನವಾಗಿ ಮುಳುಗುವರೋ ಬಲ್ಲವರಾರು?

ಆದುದರಿಂದ ಕಚೇರಿ ಕಾರ್ಖಾನೆಗಳನ್ನು ನಡೆಸುವವರಲ್ಲಿ ನಮ್ಮ ಬಿನ್ನಹವಿಷ್ಟೆ: ರಜೆಯಲ್ಲಿರುವವನು ನಕ್ಕನೇ ಎಂದು ಕೇಳಬೇಡಿ; ಚಿಕಿತ್ಸೆಯಲ್ಲಿದ್ದಾನೆಯೆ, ವೈದ್ಯರ ಮಾತಿನಂತೆ ನಡೆಯುತ್ತಿದ್ದಾನೆಯೆ, ಗುಣವಾಗುತ್ತಿದ್ದಾನೆಯೆ ಎಂದು ಕೇಳಿರಿ. ಮನಸ್ಸು ನೊಂದಿರುವ ವಾಚಕರು ಯಾರ ಅಪ್ಪಣೆಗೂ ಕಾಯದೆ 14416 ಎಂಬ ಸಂಖ್ಯೆಗೆ ಕರೆಮಾಡಿ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ನೆರವನ್ನು ಪಡೆಯಲಿ. ದುಡಿದು ಬಳಲಿದ ಎತ್ತನ್ನು ನೊಗ ಕಳಚಿ ಮೇಯಲು ಬಿಡುವ ರೈತನು, ಅದು ಹುಲ್ಲು ತಿನ್ನುತ್ತಿದೆ, ಆದುದರಿಂದ ಅದಕ್ಕೆ ನೋವಿಲ್ಲವೆಂದು ಮತ್ತೆ ನೊಗಕ್ಕೆ ಕಟ್ಟುವುದಿಲ್ಲ. ಎತ್ತಿಗೆ ತೋರುವ ಈ ವಿವೇಕವನ್ನು ಮನುಷ್ಯನಿಗೂ ತೋರಬೇಕೆಂಬುದು ಹೆಚ್ಚಿನ ಬೇಡಿಕೆಯಲ್ಲ.