‘ನಮ್ಮ ಏರಿಯಾಕ್ಕೆ ಯಾವ ಇಂಟರ್ನೆಟ್ ಬೆಸ್ಟ್?’ ಸ್ಕ್ರೀನ್‌ಶಾಟ್ ನಂಬಿ ವರ್ಷದ ಹಣ ಕಟ್ಟುವ ಮುನ್ನ

ಬಡಾವಣೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ‘ಇಲ್ಲಿ ಯಾವ ನೆಟ್ ಚೆನ್ನಾಗಿದೆ?’ ಎಂದು ಯಾರಾದರೂ ಕೇಳಿದರೆ ಸಾಕು, ನಾಲ್ಕಾರು ಸ್ಪೀಡ್ ಟೆಸ್ಟ್ ಸ್ಕ್ರೀನ್‌ಶಾಟ್, ಒಂದೆರಡು ಆಫರ್ ಪೋಸ್ಟರ್, ‘ಅವರದ್ದು ಮಾತ್ರ ತಗೋಬೇಡಿ’ ಎನ್ನುವ ಒಂದು ವಾಯ್ಸ್ ಮೆಸೇಜ್ ಬಂದು ಬೀಳುತ್ತವೆ. ಅದು ಅಲ್ಲಿಗೇ ನಿಲ್ಲುವುದಿಲ್ಲ. ಕೆಂಗೇರಿಯ ಯಾರದೋ ಮನೆಯ ಸ್ಕ್ರೀನ್‌ಶಾಟ್ ಹೊಸಕೋಟೆಯ ಗುಂಪಿಗೆ ಬರುವಷ್ಟರಲ್ಲಿ ‘ಬೆಂಗಳೂರಿನ ನಂಬರ್ ಒನ್ ಇಂಟರ್ನೆಟ್’ ಆಗಿರುತ್ತದೆ.

ಬೆಂಗಳೂರಿನ ಅಂಚಿನ ಊರುಗಳಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಯಲಹಂಕದಾಚೆ, ಸರ್ಜಾಪುರ, ಆನೇಕಲ್, ಮಾಗಡಿ ರಸ್ತೆಯ ಹೊಸ ಲೇಔಟ್‌ಗಳಿಗೆ ಎಷ್ಟೋ ಕಡೆ ಕಾವೇರಿ ನೀರಿಗಿಂತ ಮೊದಲೇ ಇಂಟರ್ನೆಟ್ ವೈರ್ ಬಂದಿರುತ್ತದೆ. ಮನೆಯಿಂದ ಕೆಲಸ ಮಾಡುವವರ ಸಂಬಳ, ಮಕ್ಕಳ ಆನ್‌ಲೈನ್ ಪರೀಕ್ಷೆ ಎಲ್ಲವೂ ಆ ವೈರ್‌ಗೆ ಜೋತುಬಿದ್ದಿವೆ. ತಿಂಗಳಿಗೆ 499 ರೂಪಾಯಿಯ ಪ್ಲಾನ್‌ಗೆ ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ತೆರಿಗೆ ಸೇರಿ ಏಳು ಸಾವಿರ ದಾಟುತ್ತದೆ. ಎರಡನೇ ತಿಂಗಳಲ್ಲೇ ‘ಇದು ಸರಿ ಇಲ್ಲ’ ಅನ್ನಿಸಿದರೂ ಹಣ ವಾಪಸ್ ಪಡೆಯುವುದು ಸುಲಭವಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕಂಪನಿ ಕಂಪನಿಗಳನ್ನು ಹೋಲಿಸಿದರೆ ತಿಳಿಯುವುದು ಅರ್ಧ ಮಾತ್ರ. ನಿಮ್ಮ ಬೀದಿಗೆ ಬಂದಿರುವ ವೈರ್ ಎಂಥದ್ದು, ಅದು ತುಂಡಾದಾಗ ಏಣಿ ಹಿಡಿದು ಬರುವವರು ಯಾರು ಎನ್ನುವುದನ್ನು ಹೋಲಿಸಬೇಕು.

ಒಂದೇ ಹೆಸರು, ಬೇರೆ ಬೇರೆ ವೈರ್

ಬೆಂಗಳೂರಿನಲ್ಲಿ ಜಿಯೋ, ಏರ್‌ಟೆಲ್, ಆಕ್ಟ್, ಬಿಎಸ್‌ಎನ್‌ಎಲ್, ಹ್ಯಾಥ್‌ವೇ ಹೆಸರುಗಳು ಎಲ್ಲರಿಗೂ ಗೊತ್ತು. ಇವುಗಳ ಜೊತೆಗೆ ಬಡಾವಣೆ ಮಟ್ಟದ ಸಣ್ಣ ಪೂರೈಕೆದಾರರೂ ಇದ್ದಾರೆ. ಜಾಹೀರಾತಿನಲ್ಲಿ ಕಾಣುವ ಹೆಸರಿನವರೇ ನಿಮ್ಮ ಮನೆಗೆ ವೈರ್ ಎಳೆಯುತ್ತಾರೆ ಎಂದೇನೂ ಇಲ್ಲ. ಬಿಎಸ್‌ಎನ್‌ಎಲ್ ಫೈಬರ್ ಸಂಪರ್ಕವನ್ನು ಬಹಳಷ್ಟು ಕಡೆ ಮನೆಗೆ ತಲುಪಿಸುವವರು ಮತ್ತು ರಿಪೇರಿ ಮಾಡುವವರು ಸ್ಥಳೀಯ ಪಾಲುದಾರರು. ಎಷ್ಟೋ ಸಲ ಅವರು ಹಿಂದೆ ಟಿವಿ ಕೇಬಲ್ ಕೊಡುತ್ತಿದ್ದವರೇ ಆಗಿರುತ್ತಾರೆ. ಹಾಗಾಗಿ ‘ಬಿಎಸ್‌ಎನ್‌ಎಲ್ ಸೂಪರ್’ ಎನ್ನುವ ಮಾತೂ ನಿಜ, ‘ಬಿಎಸ್‌ಎನ್‌ಎಲ್ ದಂಡ’ ಎನ್ನುವ ಮಾತೂ ನಿಜ. ಇಬ್ಬರೂ ತಮ್ಮ ಬೀದಿಯ ಪಾಲುದಾರನ ಬಗ್ಗೆ ಹೇಳುತ್ತಿದ್ದಾರೆ, ಅಷ್ಟೆ.

ಇನ್ನು ವೈರ್‌ನ ವಿಷಯ. ಎಲ್ಲರೂ ‘ಫೈಬರ್’ ಎಂದೇ ಮಾರುತ್ತಾರೆ. ಆದರೆ ಕೆಲವು ಕಡೆ ಫೈಬರ್ ಬರುವುದು ಬೀದಿಯ ಅಥವಾ ಅಪಾರ್ಟ್‌ಮೆಂಟ್‌ನ ಪೆಟ್ಟಿಗೆಯವರೆಗೆ ಮಾತ್ರ. ಅಲ್ಲಿಂದ ಮನೆಗೆ ಬರುವುದು ಮಾಮೂಲಿ ತಾಮ್ರದ ಲ್ಯಾನ್ ವೈರ್. ಇದರಿಂದ ಎರಡು ತೊಂದರೆ. ಆ ಪೆಟ್ಟಿಗೆಯೊಳಗಿನ ಸ್ವಿಚ್‌ಗೆ ಕರೆಂಟ್ ಬೇಕು. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೂ ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ ಬೆಸ್ಕಾಂ ಕರೆಂಟ್ ಹೋದ ಕೂಡಲೇ ನೆಟ್ಟೂ ಹೋಗುತ್ತದೆ. ಎರಡನೆಯದು, ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ತಾಮ್ರದ ವೈರ್ ಹಿಡಿದು ಬಂದು ರೂಟರ್ ಸುಡಬಹುದು. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಮನೆಯವರೆಗೂ ಫೈಬರ್ ಬರುವ ಜಾಲದಲ್ಲಿ ಸಾಮಾನ್ಯವಾಗಿ ದಾರಿ ಮಧ್ಯೆ ಬೆಳಕನ್ನು ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಕಿಲ್ಲ. ಮನೆಯ ಪೆಟ್ಟಿಗೆಗೊಂದು ಸಣ್ಣ 12 ವೋಲ್ಟ್ ಯುಪಿಎಸ್ ಇದ್ದರೆ ಕತ್ತಲಲ್ಲೂ ಮೀಟಿಂಗ್ ನಡೆಯುತ್ತದೆ. ಆದ್ದರಿಂದ ಸಂಪರ್ಕ ಕೊಡಲು ಬಂದವರನ್ನು ‘ಮನೆಯೊಳಗೆ ಬರೋದು ಫೈಬರ್ರೋ, ಲ್ಯಾನ್ ವೈರೋ?’ ಎಂದು ಕೇಳಿ. ಸ್ಪೀಡ್ ಎಷ್ಟು ಎಂದು ಕೇಳುವುದಕ್ಕಿಂತ ಇದು ಮುಖ್ಯ ಎನ್ನುವುದು ನಮ್ಮ ಅನಿಸಿಕೆ.

ಆ ವೈರ್ ಯಾವ ದಾರಿಯಲ್ಲಿ ಬಂದಿದೆ ಎಂದು ತಲೆ ಎತ್ತಿ ನೋಡಿದರೆ ಉಳಿದದ್ದೂ ತಿಳಿಯುತ್ತದೆ. ನಮ್ಮ ನಗರದಲ್ಲಿ ಫೈಬರ್‌ನ ಬಹುಪಾಲು ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಜೋತಾಡುತ್ತಿದೆ. ಅನುಮತಿ ಇಲ್ಲದ ಕೇಬಲ್‌ಗಳನ್ನು ಪಾಲಿಕೆಯವರೂ ಬೆಸ್ಕಾಂನವರೂ ಆಗಾಗ ಕತ್ತರಿಸುತ್ತಾರೆ. ಎತ್ತರದ ಲಾರಿ ಎಳೆದುಕೊಂಡು ಹೋಗುತ್ತದೆ, ಕೊಂಬೆ ಬೀಳುತ್ತದೆ. ನೆಲದಡಿ ಹಾಕಿದ್ದರೆ ಜೆಸಿಬಿ ಇದೆ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಕಂಪನಿಯ ಸಂಪರ್ಕ ಹಾಕಿಸಿಕೊಂಡವರು ಎರಡೂ ಒಂದೇ ಮರದ ಮೇಲಿಂದ ಬಂದಿವೆಯೇ ನೋಡಿಕೊಳ್ಳಬೇಕು. ಹಾಗಿದ್ದರೆ ಎರಡೂ ಒಂದೇ ದಿನ ಹೋಗುತ್ತವೆ.

100 ಎಂದರೆ ಎಷ್ಟು?

ಪೋಸ್ಟರ್‌ನಲ್ಲಿ ‘100 ಎಂಬಿಪಿಎಸ್’ ಎಂದಿದೆ, ಸಿನಿಮಾ ಡೌನ್‌ಲೋಡ್ ಮಾಡಿದರೆ ಸೆಕೆಂಡಿಗೆ 12 ಎಂಬಿ ಮಾತ್ರ ಬರುತ್ತಿದೆ, ಇದು ಮೋಸ ಎನ್ನುವ ಫಾರ್ವರ್ಡ್ ಹಳೆಯದು. ಇದರಲ್ಲಿ ಮೋಸವಿಲ್ಲ. ಕಂಪನಿ ಹೇಳುವುದು ಮೆಗಾಬಿಟ್ ಲೆಕ್ಕ, ಫೈಲಿನ ಗಾತ್ರ ಇರುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ ಹನ್ನೆರಡೂವರೆ.

ಕಾನೂನಿನ ದೃಷ್ಟಿಯಲ್ಲಿ ‘ಬ್ರಾಡ್‌ಬ್ಯಾಂಡ್’ ಎನಿಸಿಕೊಳ್ಳಲು 2 ಎಂಬಿಪಿಎಸ್ ಇದ್ದರೆ ಸಾಕು. 2023ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಈ ಮಿತಿಯನ್ನು 512 ಕೆಬಿಪಿಎಸ್‌ನಿಂದ ಏರಿಸಿತು. ಹೀಗಾಗಿ ಆ ಪದ ಕೇಳಿ ಮರುಳಾಗಬೇಕಿಲ್ಲ. ನಿಜವಾದ ಅಗತ್ಯವೂ ಜಾಹೀರಾತು ಹೇಳುವಷ್ಟಿಲ್ಲ. ಫುಲ್ ಎಚ್‌ಡಿ ವಿಡಿಯೊಗೆ 5 ಎಂಬಿಪಿಎಸ್, 4ಕೆ ವಿಡಿಯೊಗೆ 15 ಎಂಬಿಪಿಎಸ್ ಇರಲಿ ಎನ್ನುತ್ತದೆ ನೆಟ್‌ಫ್ಲಿಕ್ಸ್. ವಿಡಿಯೊ ಮೀಟಿಂಗ್‌ಗೆ ಮೂರು–ನಾಲ್ಕು ಸಾಕು. ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂತರೂ 30–40 ಎಂಬಿಪಿಎಸ್ ಸರಿಯಾಗಿ ಬಂದರೆ ಬಹುಪಾಲು ಕೆಲಸ ಆಗುತ್ತದೆ. ‘ಸರಿಯಾಗಿ ಬಂದರೆ’ ಎನ್ನುವುದೇ ಇಲ್ಲಿ ಕಷ್ಟದ ಭಾಗ.

ಯಾಕೆಂದರೆ ಫೈಬರ್ ನಿಮ್ಮೊಬ್ಬರದ್ದಲ್ಲ. ನಮ್ಮಲ್ಲಿ ವ್ಯಾಪಕವಾಗಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆಯ ಸುಮಾರು 2500 ಎಂಬಿಪಿಎಸ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳಿಗೆ ಹಂಚಬಹುದು. 64 ಮನೆಗೂ 100 ಎಂಬಿಪಿಎಸ್ ಪ್ಲಾನ್ ಮಾರಿದ್ದಾರೆ ಎಂದುಕೊಳ್ಳಿ. ಒಟ್ಟು 6400 ಆಯಿತು, ಇರುವುದು 2500. ಮದುವೆ ಛತ್ರದಲ್ಲಿ ಸಾವಿರ ಜನರನ್ನು ಕರೆದು ಮುನ್ನೂರು ಎಲೆ ಹಾಕುವ ಪಂಕ್ತಿಯಲ್ಲೇ ಊಟ ಮುಗಿಸುವ ಲೆಕ್ಕ ಇದು. ಎಲ್ಲರೂ ಒಂದೇ ಸಲ ಕೂರುವುದಿಲ್ಲವಾದ್ದರಿಂದ ನಡೆದುಹೋಗುತ್ತದೆ. ಇದು ಜಗತ್ತಿನೆಲ್ಲೆಡೆ ಇರುವ ಪದ್ಧತಿ, ತಪ್ಪೇನಲ್ಲ. ಆದರೆ ಪೂರೈಕೆದಾರ ತನ್ನ ಮೇಲಿನ ಹಂತದಿಂದ ಕೊಳ್ಳುವ ಸಾಮರ್ಥ್ಯದಲ್ಲಿ ತೀರಾ ಕೈಬಿಗಿ ಮಾಡಿದರೆ ರಾತ್ರಿ ಎಂಟರಿಂದ ಹನ್ನೊಂದರವರೆಗೆ, ಅದರಲ್ಲೂ ಐಪಿಎಲ್ ಪಂದ್ಯದ ದಿನ, ಚಕ್ರ ತಿರುಗುತ್ತಲೇ ಇರುತ್ತದೆ.

ಸ್ಕ್ರೀನ್‌ಶಾಟ್ ಹೇಳದೇ ಬಿಡುವ ಸಂಗತಿ

ಗುಂಪಿಗೆ ಬರುವ ಸ್ಕ್ರೀನ್‌ಶಾಟ್ ಯಾವ ಹೊತ್ತಿನದು ಎಂದು ನೋಡಿ. ಮಧ್ಯಾಹ್ನದ ಪಂಕ್ತಿಯಲ್ಲಿ ಯಾರಿಗಾದರೂ ಜಾಗ ಸಿಗುತ್ತದೆ, ರಾತ್ರಿ ಒಂಬತ್ತೂವರೆಯದ್ದು ಕೇಳಬೇಕು. ಸ್ಪೀಡ್ ಟೆಸ್ಟ್ ಆ್ಯಪ್‌ಗಳು ತಾವಾಗಿಯೇ ಹತ್ತಿರದ ಸರ್ವರ್ ಆರಿಸಿಕೊಳ್ಳುತ್ತವೆ, ಹಲವು ಸಲ ಅದು ನಿಮ್ಮ ಕಂಪನಿಯೇ ಇಟ್ಟುಕೊಂಡ ಸರ್ವರ್. ಆಗ ಅಳೆದದ್ದು ನಿಮ್ಮ ಮನೆಯಿಂದ ಅವರ ಕಚೇರಿಯವರೆಗಿನ ರಸ್ತೆ ಮಾತ್ರ. ನೆಟ್‌ಫ್ಲಿಕ್ಸ್‌ನ ‘ಫಾಸ್ಟ್ ಡಾಟ್ ಕಾಮ್’ ತನ್ನದೇ ಸರ್ವರ್‌ಗಳಿಂದ ಅಳೆಯುತ್ತದೆ. ಎರಡರಲ್ಲೂ ನೋಡಿ, ರಾತ್ರಿ ಹೊತ್ತು ದೊಡ್ಡ ವ್ಯತ್ಯಾಸ ಬಂದರೆ ಅದೊಂದು ಸುಳಿವು. ಜೊತೆಗೆ ಅಪ್‌ಲೋಡ್ ಎಷ್ಟಿದೆ ಎಂದೂ ಗಮನಿಸಿ. ಫೈಬರ್ ಪ್ಲಾನ್‌ಗಳಲ್ಲಿ ಎರಡೂ ಸಮ ಇರುವುದು ಸಾಮಾನ್ಯ. ಹಳೆಯ ಟಿವಿ ಕೇಬಲ್‌ನಂಥ ವೈರ್‌ನಲ್ಲಿ ಮತ್ತು 5ಜಿ ಸಂಪರ್ಕದಲ್ಲಿ ಅಪ್‌ಲೋಡ್ ಬಹಳ ಕಡಿಮೆ ಇರುತ್ತದೆ. ನಿಮಗೆ ಎಲ್ಲರೂ ಚೆನ್ನಾಗಿ ಕಾಣಿಸಿ, ನಿಮ್ಮ ಮುಖ ಮಾತ್ರ ಅವರಿಗೆ ಕಲ್ಲಾಗಿ ನಿಂತರೆ ಕಾರಣ ಅಪ್‌ಲೋಡ್ ಇರಬಹುದು.

ನೆಟ್ ನಿಧಾನ ಎಂದು ಕಂಪನಿಯನ್ನು ಬೈಯುವ ಎಷ್ಟೋ ಸಂದರ್ಭಗಳಲ್ಲಿ ತೊಂದರೆ ಇರುವುದು ಮನೆಯೊಳಗಿನ ವೈಫೈನಲ್ಲಿ. ರೂಟರ್‌ನ 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಆದರೆ ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ. ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕದ ಎಲ್ಲ ಮನೆಯವರೂ ಅದೇ ಮೂರರಲ್ಲಿ ನೂಕಾಡುತ್ತಿರುತ್ತಾರೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದರೆ ಎರಡು ಕಾಂಕ್ರೀಟ್ ಗೋಡೆ ದಾಟುವಷ್ಟರಲ್ಲಿ ಸೋತಿರುತ್ತದೆ. ಹಾಲ್‌ನ ಟಿವಿ ಕಪಾಟಿನೊಳಗೆ ರೂಟರ್ ಇಟ್ಟು ಹಿಂದಿನ ರೂಮಿನಲ್ಲಿ ಅಳೆದ ಸಂಖ್ಯೆಯಿಂದ ಕಂಪನಿಯ ಗುಣ ತಿಳಿಯುವುದಿಲ್ಲ. ಲ್ಯಾಪ್‌ಟಾಪ್‌ಗೆ ನೇರವಾಗಿ ವೈರ್ ಚುಚ್ಚಿ, ಇಲ್ಲವೇ ರೂಟರ್ ಪಕ್ಕದಲ್ಲೇ ನಿಂತು ಅಳೆಯಬೇಕು. ರೂಟರ್ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಇಟ್ಟರೆ ಸ್ಪೀಡ್ ದುಪ್ಪಟ್ಟಾಗುತ್ತದೆ ಎನ್ನುವ ವಿಡಿಯೊ ನೋಡಿರುತ್ತೀರಿ. ಫಾಯಿಲ್ ಅಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸಬಲ್ಲದು. ಹಿಂದಿನ ರೂಮಿಗೆ ಸಿಗುತ್ತಿದ್ದದ್ದೂ ತಪ್ಪುತ್ತದೆ. ಕಂಪನಿಯಿಂದ ಬರುವ ವೇಗವನ್ನು ಅದು ಒಂದಿಷ್ಟೂ ಹೆಚ್ಚಿಸುವುದಿಲ್ಲ.

ವೈರ್ ಇಲ್ಲದ ‘ಏರ್‌ಫೈಬರ್’

ಫೈಬರ್ ತಲುಪದ ಲೇಔಟ್‌ಗಳಲ್ಲಿ ಈಗ ಕೇಳಿಬರುವ ಹೆಸರು ಇದು. ಜಿಯೋ ಇದನ್ನು 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ಆರಂಭಿಸಿತು, ಏರ್‌ಟೆಲ್‌ನದ್ದೂ ಇದೆ. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು 5ಜಿ ಸಿಗ್ನಲ್. ತಾರಸಿಯ ಮೇಲೊಂದು ಪೆಟ್ಟಿಗೆ ಅದನ್ನು ಹಿಡಿದು ಒಳಗಿನ ರೂಟರ್‌ಗೆ ಕೊಡುತ್ತದೆ. ಜೆಸಿಬಿಯ ಭಯವಿಲ್ಲ, ಒಂದೇ ದಿನದಲ್ಲಿ ಹಾಕಿಸಿಕೊಳ್ಳಬಹುದು. ಆದರೆ ಟವರ್‌ನ ಸಾಮರ್ಥ್ಯವನ್ನು ಸುತ್ತಲಿನ ಮೊಬೈಲ್‌ಗಳ ಜೊತೆ ಹಂಚಿಕೊಳ್ಳಬೇಕು. ಎದುರಿನ ಖಾಲಿ ಸೈಟ್‌ನಲ್ಲಿ ನಾಲ್ಕು ಮಹಡಿ ಎದ್ದರೆ ಸಿಗ್ನಲ್ ಕುಗ್ಗಬಹುದು. ಬೆಳೆಯುವ ಬಡಾವಣೆಯಲ್ಲಿ ಎದುರಿನ ಸೈಟ್ ಎಷ್ಟು ದಿನ ಖಾಲಿ ಇರುತ್ತದೆ? ಒಳ್ಳೆಯ ಫೈಬರ್ ಸಿಗುವಂತಿದ್ದರೆ ಅದೇ ಮೇಲು ಎನ್ನುತ್ತೇವೆ.

ಹಣದ ಲೆಕ್ಕ

ಪೋಸ್ಟರ್‌ನ ದರಕ್ಕೆ ಸಾಮಾನ್ಯವಾಗಿ 18% ಜಿಎಸ್‌ಟಿ ಸೇರಿರುವುದಿಲ್ಲ. 499 ಎಂದರೆ ಕೈಬಿಡುವುದು 588 ರೂಪಾಯಿ 82 ಪೈಸೆ. ‘ಅನ್‌ಲಿಮಿಟೆಡ್’ ಎನ್ನುವುದಕ್ಕೂ ಮಿತಿ ಇದೆ. ಹಲವು ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ದಾಟಿದರೆ ವೇಗ ಇಳಿಸುತ್ತಾರೆ. ದಿನಕ್ಕೆ 110 ಜಿಬಿ ಆಯಿತು. ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ ಎಂದರೆ ದಿನವಿಡೀ ಟಿವಿ ಹಾಕಿಟ್ಟರೂ ಆ ಗಡಿ ಮುಟ್ಟುವುದಿಲ್ಲ. ಮಿತಿ 1000 ಜಿಬಿ ಇದ್ದರೆ ಮಾತ್ರ ದೊಡ್ಡ ಕುಟುಂಬದವರು ಸ್ವಲ್ಪ ಯೋಚಿಸಬೇಕು. ಹನ್ನೆರಡು ಒಟಿಟಿ ಉಚಿತ ಎಂದಾಗ ಅದರಲ್ಲಿ ನೀವು ನೋಡುವುದು ಎಷ್ಟು ಎಂದು ಎಣಿಸಿ.

‘ವರ್ಷದ್ದು ಕಟ್ಟಿದರೆ ಎರಡು ತಿಂಗಳು ಫ್ರೀ’ ಎನ್ನುವುದು ಆಕರ್ಷಕವೇ. ಆದರೂ ಹೊಸ ಬೀದಿಯಲ್ಲಿ ಮೊದಲ ತಿಂಗಳು ತಿಂಗಳ ಪ್ಲಾನ್ ಸಾಕು. ರಾತ್ರಿ ಹೊತ್ತಿನ ವೇಗ, ಒಂದು ಮಳೆ, ಒಂದು ದೂರು, ಇಷ್ಟು ಕಂಡ ಮೇಲೆ ವರ್ಷದ್ದನ್ನು ಯೋಚಿಸಬಹುದು. ರೂಟರ್ ನಿಮ್ಮದೋ ಅವರದೋ, ಡೆಪಾಸಿಟ್ ವಾಪಸ್ ಬರುತ್ತದೆಯೋ ಎನ್ನುವುದನ್ನು ಎಸ್‌ಎಂಎಸ್ ಅಥವಾ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಒಪ್ಪಿಕೊಂಡ ಹುಡುಗ ಮುಂದಿನ ತಿಂಗಳು ಬೇರೆ ಕಂಪನಿಯಲ್ಲಿರಬಹುದು.

ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಆಯ್ಕೆಯೇ ಇರುವುದಿಲ್ಲ. ಬಿಲ್ಡರ್ ಅಥವಾ ಸಂಘ ಒಂದೇ ಕಂಪನಿಯನ್ನು ಒಳಗೆ ಬಿಟ್ಟಿರುತ್ತದೆ. ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಆಧಾರದಲ್ಲಿ ಸ್ಟಾರ್ ರೇಟಿಂಗ್ ಕೊಡುವ ನಿಯಮ ತಂದಿದೆ. ಫ್ಲ್ಯಾಟ್ ಕೊಳ್ಳುವ ಅಥವಾ ಬಾಡಿಗೆಗೆ ಹಿಡಿಯುವ ಮುನ್ನ ನೀರು, ಪಾರ್ಕಿಂಗ್ ಜೊತೆ ಇದನ್ನೂ ಕೇಳುವುದು ಒಳ್ಳೆಯದು.

‘ಟ್ರಾಯ್‌ಗೆ ಟ್ಯಾಗ್ ಮಾಡಿ, ಹಣ ವಾಪಸ್ ಬರುತ್ತೆ’

ಬರುವುದಿಲ್ಲ. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ವಿಚಾರಿಸುವುದಿಲ್ಲ, ಕಾನೂನಿನಲ್ಲಿ ಆ ಅಧಿಕಾರ ಅದಕ್ಕಿಲ್ಲ. ದಾರಿ ಬೇರೆ ಇದೆ. ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಹೇಳಿ ಡಾಕೆಟ್ ನಂಬರ್ ಪಡೆಯಬೇಕು. ಕೇಬಲ್ ಹುಡುಗನಿಗೆ ವಾಟ್ಸ್‌ಆ್ಯಪ್‌ನಲ್ಲಿ ಹೇಳಿದ್ದು ದಾಖಲೆಯ ಲೆಕ್ಕಕ್ಕೆ ಬರುವುದಿಲ್ಲ. ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅವರು 39 ದಿನದೊಳಗೆ ತೀರ್ಮಾನಿಸಬೇಕು. ಇದಕ್ಕೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ದೂರಸಂಪರ್ಕದ ದೂರುಗಳು ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲ ಎನ್ನುವ ಮಾತು ಇಂದಿಗೂ ಓಡಾಡುತ್ತಿದೆ. 2009ರ ಒಂದು ತೀರ್ಪಿನಿಂದ ಹುಟ್ಟಿದ ನಂಬಿಕೆ ಅದು. 2022ರ ಫೆಬ್ರವರಿಯಲ್ಲಿ ಖಾಸಗಿ ಕಂಪನಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗ್ರಾಹಕರು ಗ್ರಾಹಕ ಆಯೋಗಕ್ಕೆ ಹೋಗಲು ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕವೂ ಇಲ್ಲ. ಬಿಲ್, ಡಾಕೆಟ್ ನಂಬರ್ ಮತ್ತು ದಿನಾಂಕ ಸಮೇತ ಅಳೆದಿಟ್ಟ ನಿಮ್ಮ ಮನೆಯ ಸ್ಪೀಡ್ ಟೆಸ್ಟ್ ಸ್ಕ್ರೀನ್‌ಶಾಟ್‌ಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆ.